ಸ್ಟಾಕ್‌ಹೋಮ್‌ನ ಹಳೆಯ ಪಟ್ಟಣವನ್ನು ಗೈಡ್ ಜೊತೆಯಲ್ಲಿ ನಡೆದು ನೋಡುವ ಬಗೆ

ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್ ಹದಿನಾಲ್ಕು ದ್ವೀಪಗಳ ಮೇಲೆ ಹರಡಿಕೊಂಡಿರುವ ನಗರ. ಪಶ್ಚಿಮದ ಮೆಲಾರೆನ್ ಸರೋವರದ ಸಿಹಿನೀರು ಪೂರ್ವದ ಬಾಲ್ಟಿಕ್ ಸಮುದ್ರವನ್ನು ಸೇರುವಲ್ಲಿ, ಎರಡರ ನಡುವೆ ಬಾಗಿಲಿಗೆ ಹಾಕಿದ ಅಗುಳಿಯಂತೆ ಕುಳಿತಿರುವ ಪುಟ್ಟ ದ್ವೀಪವೇ ಈ ನಗರದ ಮೂಲ. ಇದನ್ನು ಅಲ್ಲಿನವರು ಗಾಮ್ಲಾ ಸ್ಟಾನ್, ಅಂದರೆ ಹಳೆಯ ಪಟ್ಟಣ, ಎನ್ನುತ್ತಾರೆ. ಬಿರ್ಯೆರ್ ಯಾರ್ಲ್ ಎಂಬ ಆಡಳಿತಗಾರನ ಕಾಲದಲ್ಲಿ, 1252ರ ಪತ್ರಗಳಲ್ಲಿ, ಸ್ಟಾಕ್‌ಹೋಮ್ ಎಂಬ ಹೆಸರು ಮೊದಲ ಬಾರಿಗೆ ಕಾಣಿಸುತ್ತದೆ. ಈ ದ್ವೀಪವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟಲು ಕಾಲು ಗಂಟೆ ಸಾಕು. ಹೀಗಾಗಿಯೇ ಬಹಳಷ್ಟು ಪ್ರವಾಸಿಗರು ಅಂಗಡಿಗಳು ತುಂಬಿದ ಒಂದೇ ಬೀದಿಯಲ್ಲಿ ನಡೆದು, ಒಂದೆರಡು ಚಿತ್ರ ತೆಗೆದುಕೊಂಡು, ನೋಡಿ ಆಯಿತೆಂದು ಹೊರಟುಬಿಡುತ್ತಾರೆ. ಅಲ್ಲಿನ ಗೋಡೆ, ಇಳಿಜಾರು, ಓಣಿಗಳೆಲ್ಲ ಏಳೆಂಟು ಶತಮಾನಗಳ ದಾಖಲೆಗಳಾಗಿದ್ದು, ಅವುಗಳನ್ನು ಓದುವುದನ್ನು ಯಾರಾದರೂ ಒಮ್ಮೆ ಕಲಿಸಿಕೊಡಬೇಕಾಗುತ್ತದೆ. ಆದ್ದರಿಂದ ಸ್ಟಾಕ್‌ಹೋಮ್‌ಗೆ ಹೋದವರು ಮೊದಲ ಅಥವಾ ಎರಡನೆಯ ದಿನವೇ ಗಾಮ್ಲಾ ಸ್ಟಾನ್‌ನಲ್ಲಿ ಗೈಡ್ ಜೊತೆ ಎರಡು ಗಂಟೆ ನಡೆಯಬೇಕು, ಆಮೇಲೆ ಅದೇ ದಾರಿಯಲ್ಲಿ ತಾವೇ ಮತ್ತೊಮ್ಮೆ ನಡೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಲೇಖನ ಆ ಎರಡೂ ನಡಿಗೆಗಳಿಗೆ ಸಿದ್ಧಗೊಳ್ಳುವ ಬಗೆಯನ್ನು ಕುರಿತದ್ದು.

ಪ್ರವಾಸವನ್ನು ಆರಿಸಿಕೊಳ್ಳುವುದು

ಕಾಲ್ನಡಿಗೆಯ ಪ್ರವಾಸಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಮೊದಲನೆಯದು ‘ಉಚಿತ’ ಎಂದು ಹೇಳಿಕೊಳ್ಳುವಂಥದ್ದು. ಇಲ್ಲಿ ಟಿಕೆಟ್ ಇರುವುದಿಲ್ಲ, ಆದರೆ ಗೈಡ್‌ನ ಸಂಪಾದನೆಯೆಲ್ಲ ಕೊನೆಯಲ್ಲಿ ಕೇಳುಗರು ಕೊಡುವ ಟಿಪ್ಸ್‌ನಿಂದಲೇ ಬರುತ್ತದೆ. ಆದ್ದರಿಂದ ಇದನ್ನು ಉಚಿತವೆಂದು ಭಾವಿಸದೆ, ಅಲ್ಲಿನ ನಾಣ್ಯವಾದ ಕ್ರೋನದ ಲೆಕ್ಕದಲ್ಲಿ ತಲೆಗೆ ನೂರಕ್ಕೆ ಕಡಿಮೆಯಿಲ್ಲದಷ್ಟು ಕೊಡುವ ಮನಸ್ಸಿಟ್ಟುಕೊಂಡೇ ಹೋಗುವುದು ಮರ್ಯಾದೆ. ಎರಡನೆಯದು ಮುಂಗಡವಾಗಿ ಹಣ ಕೊಟ್ಟು ಸೇರುವ ಸಣ್ಣ ಗುಂಪಿನ ಪ್ರವಾಸ. ಮೂರನೆಯದು ನಿಮ್ಮ ಕುಟುಂಬಕ್ಕೆಂದೇ ಒಬ್ಬ ಗೈಡ್ ಅನ್ನು ಗೊತ್ತುಮಾಡಿಕೊಳ್ಳುವುದು. ಸ್ಟಾಕ್‌ಹೋಮ್‌ನಲ್ಲಿ ತರಬೇತಿ ಮತ್ತು ಪರೀಕ್ಷೆ ಮುಗಿಸಿ ಅಧಿಕೃತ ಮಾನ್ಯತೆ ಪಡೆದ ಗೈಡ್‌ಗಳಿದ್ದಾರೆ. ಖಾಸಗಿಯಾಗಿ ಗೊತ್ತುಮಾಡುವಾಗ ಈ ಮಾನ್ಯತೆ ಇದೆಯೇ ಎಂದು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಖಾಸಗಿ ಗೈಡ್‌ನ ಶುಲ್ಕ ಸಾಮಾನ್ಯವಾಗಿ ತಲೆಗೆ ಇಷ್ಟು ಎಂದಿರದೆ ಇಡೀ ಗುಂಪಿಗೆ ಇಷ್ಟು ಎಂದಿರುವುದರಿಂದ, ಐದಾರು ಮಂದಿಯ ಕುಟುಂಬಕ್ಕೆ ಅದು ಹೊರಗಿನಿಂದ ಕಾಣುವಷ್ಟು ದುಬಾರಿಯಾಗುವುದಿಲ್ಲ.

ಬೆಲೆಗಿಂತ ಮುಖ್ಯವಾಗಿ ನೋಡಬೇಕಾದದ್ದು ಪ್ರವಾಸದ ವ್ಯಾಪ್ತಿ. ಎರಡೇ ಗಂಟೆಗಳಲ್ಲಿ ಹಳೆಯ ಪಟ್ಟಣ, ನಗರಸಭಾ ಭವನ, ವಾಸಾ ಹಡಗಿನ ಮ್ಯೂಸಿಯಂ ಎಲ್ಲವನ್ನೂ ತೋರಿಸುವುದಾಗಿ ಹೇಳುವ ಪ್ರವಾಸವನ್ನು ಬಿಟ್ಟುಬಿಡಿ. ಅದರಲ್ಲಿ ಅರ್ಧಕ್ಕೂ ಹೆಚ್ಚು ಹೊತ್ತು ಸೇತುವೆಗಳನ್ನು ದಾಟುವುದರಲ್ಲೇ ಕಳೆಯುತ್ತದೆ. ಗಾಮ್ಲಾ ಸ್ಟಾನ್ ಮತ್ತು ಅದಕ್ಕೆ ಅಂಟಿಕೊಂಡಂತಿರುವ ರಿದ್ದಾರ್‌ಹೋಲ್ಮೆನ್ ದ್ವೀಪ, ಇವೆರಡಕ್ಕೇ ಸೀಮಿತವಾದ ಪ್ರವಾಸವನ್ನು ಆರಿಸಿಕೊಳ್ಳಿ. ಗುಂಪಿನಲ್ಲಿ ಎಷ್ಟು ಮಂದಿ ಇರುತ್ತಾರೆಂದೂ ಕೇಳಿ. ಅಲ್ಲಿನ ಓಣಿಗಳಲ್ಲಿ ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒತ್ತಿ ನಿಲ್ಲಬೇಕಾಗುತ್ತದೆ. ಮೂವತ್ತು ಜನರ ಗುಂಪು ಅಂಥ ಓಣಿಯಲ್ಲಿ ಉದ್ದಕ್ಕೆ ಚಾಚಿಕೊಂಡಾಗ ಹಿಂದಿನವರಿಗೆ ಗೈಡ್‌ನ ಒಂದು ಮಾತೂ ಕೇಳಿಸುವುದಿಲ್ಲ. ದೆವ್ವದ ಕಥೆ, ಕೊಲೆ ಪ್ರಕರಣ, ಪತ್ತೇದಾರಿ ಕಾದಂಬರಿಗಳ ಸ್ಥಳ ಎಂಬಂಥ ವಿಷಯಾಧಾರಿತ ನಡಿಗೆಗಳೂ ಅಲ್ಲಿವೆ. ಅವು ರಂಜಕವಾಗಿರುತ್ತವೆ, ಆದರೆ ನಗರದ ಇತಿಹಾಸದ ಹಂದರ ನಿಮ್ಮ ಮನಸ್ಸಿನಲ್ಲಿ ನಿಂತ ಮೇಲೆಯೇ ಅವುಗಳಿಗೆ ರುಚಿ ಬರುವುದು. ಇಂಗ್ಲಿಷ್ ಪ್ರವಾಸಗಳು ಧಾರಾಳವಾಗಿ ದೊರೆಯುವುದರಿಂದ ಭಾಷೆಯ ತೊಡಕು ಇರುವುದಿಲ್ಲ. ಉತ್ತರದ ಚಿಸ್ತಾ ಬಡಾವಣೆಯ ತಂತ್ರಜ್ಞಾನ ಕಂಪನಿಗಳಲ್ಲಿ ಕೆಲಸ ಮಾಡುವ ಮಕ್ಕಳನ್ನು ನೋಡಲು ಬಂದ ತಂದೆತಾಯಿಯರಿಗೆ ಇಂಗ್ಲಿಷ್ ಅಷ್ಟಾಗಿ ರೂಢಿಯಿಲ್ಲದಿದ್ದರೆ, ಖಾಸಗಿ ಗೈಡ್ ಅನ್ನು ಗೊತ್ತುಮಾಡಿಕೊಂಡು, ಮಕ್ಕಳು ಪ್ರತಿ ನಿಲುಗಡೆಯಲ್ಲೂ ಕನ್ನಡದಲ್ಲಿ ಹೇಳಲು ಬೇಕಾದ ಬಿಡುವನ್ನು ಮೊದಲೇ ಕೇಳಿಕೊಳ್ಳುವುದು ಎಲ್ಲರಿಗೂ ಹಿತ.

ಹೊರಡುವ ಮೊದಲು

ಋತುವನ್ನು ನೋಡಿ ಹೊತ್ತನ್ನು ನಿಶ್ಚಯಿಸಬೇಕು. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ನಂತರ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ಮೂರಕ್ಕೆ ಮೊದಲೇ. ಬೇಸಿಗೆಯಲ್ಲಿ ಹಡಗುಗಳಿಂದ ಇಳಿದ ಪ್ರವಾಸಿಗಳು ಹತ್ತೂವರೆಯ ಹೊತ್ತಿಗೆ ಬೀದಿಗಳನ್ನು ತುಂಬಿಬಿಡುವುದರಿಂದ ಬೆಳಗಿನ ಮೊದಲ ಪ್ರವಾಸವಾಗಲಿ ಸಂಜೆಯ ಪ್ರವಾಸವಾಗಲಿ ವಾಸಿ. ಚಳಿಗಾಲದಲ್ಲಾದರೆ ಹನ್ನೊಂದರ ಸುಮಾರಿಗೆ ಹೊರಡುವುದನ್ನು ಆರಿಸಿಕೊಂಡರೆ ಬೆಳಕು ಇರುವಾಗಲೇ ಮುಗಿಯುತ್ತದೆ.

ಪಾದರಕ್ಷೆಯ ವಿಷಯದಲ್ಲಿ ಉದಾಸೀನ ಬೇಡ. ಇಡೀ ದ್ವೀಪಕ್ಕೆ ಉರುಟು ಕಲ್ಲುಗಳ ನೆಲಹಾಸು ಇದೆ, ದಾರಿಯುದ್ದಕ್ಕೂ ಏರಿಳಿತವಿದೆ, ಚಳಿಗಾಲದಲ್ಲಿ ಕಲ್ಲುಗಳ ಮೇಲೆ ಕಣ್ಣಿಗೆ ಕಾಣದ ತೆಳ್ಳನೆಯ ಹಿಮದ ಪದರ ಕೂಡುತ್ತದೆ. ಶೂಗಳ ಅಡಿಗೆ ಸಿಕ್ಕಿಸಿಕೊಳ್ಳುವ ಸಣ್ಣ ಮುಳ್ಳುಗಳ ಪಟ್ಟಿ ಅಲ್ಲಿನ ಅಂಗಡಿಗಳಲ್ಲಿ ದೊರೆಯುತ್ತದೆ. ವಯಸ್ಸಾದವರಿಗೆ ಅದನ್ನು ಕೊಂಡುಕೊಡುವುದು ಅತ್ಯಗತ್ಯ. ಚಳಿಗಾಲದಲ್ಲಿ ಮನೆಗಳ ಮುಂದೆ ‘ರಾಸ್‌ರಿಸ್ಕ್’ ಎಂಬ ಫಲಕ ಕಂಡರೆ ಮಾಡಿನಿಂದ ಹಿಮ ಅಥವಾ ಮಂಜುಗಡ್ಡೆ ಕುಸಿಯಬಹುದೆಂದು ಅರ್ಥ. ಅಂಥ ಕಡೆ ಗೋಡೆಯ ಪಕ್ಕದಲ್ಲಿ ನಿಲ್ಲಬಾರದು. ಮಂಡಿನೋವು ಇರುವವರು ದಾರಿಯಲ್ಲಿ ಮೆಟ್ಟಿಲುಗಳೆಷ್ಟು, ಕುಳಿತುಕೊಳ್ಳುವ ಜಾಗಗಳೆಲ್ಲಿ ಎಂದು ಮುಂಚಿತವಾಗಿಯೇ ವಿಚಾರಿಸಿದರೆ, ಗೈಡ್ ದಾರಿಯನ್ನು ಸ್ವಲ್ಪ ಬದಲಿಸಿಕೊಳ್ಳಲು ಸಾಧ್ಯವಾಗುತ್ತದೆ.

ಹಣದ ವ್ಯವಸ್ಥೆಯೂ ನಮ್ಮದಕ್ಕಿಂತ ಭಿನ್ನ. ಅನೇಕ ಅಂಗಡಿ, ಕಾಫಿ ಮನೆ, ಮ್ಯೂಸಿಯಂಗಳು ನಗದನ್ನು ಸ್ವೀಕರಿಸುವುದೇ ಇಲ್ಲ. ಕಾರ್ಡ್ ಇಲ್ಲದೆ ಸಾರ್ವಜನಿಕ ಶೌಚಾಲಯದ ಬಾಗಿಲೂ ತೆರೆಯದಿರಬಹುದು. ಸ್ಥಳೀಯರು ಬಳಸುವ ಸ್ವಿಶ್ ಎಂಬ ಮೊಬೈಲ್ ಪಾವತಿಗೆ ಸ್ವೀಡನ್ನಿನ ಬ್ಯಾಂಕ್ ಖಾತೆ ಬೇಕಾದ್ದರಿಂದ ಅದು ಪ್ರವಾಸಿಗೆ ಉಪಯೋಗಕ್ಕೆ ಬರುವುದಿಲ್ಲ. ಟಿಪ್ಸ್ ಆಧಾರಿತ ಪ್ರವಾಸಕ್ಕೆ ಹೋಗುವವರು ಗೈಡ್ ಬಳಿ ಕಾರ್ಡ್ ಯಂತ್ರ ಇದೆಯೇ ಎಂದು ಮೊದಲೇ ಕೇಳಿ, ಇಲ್ಲವಾದರೆ ಸ್ವಲ್ಪ ನಗದನ್ನು ಇಟ್ಟುಕೊಳ್ಳಬೇಕು. ನಲ್ಲಿಯ ನೀರು ಕುಡಿಯಲು ಶುದ್ಧವಾದ್ದರಿಂದ ಖಾಲಿ ಬಾಟಲಿಯೊಂದನ್ನು ತುಂಬಿಸಿಕೊಂಡು ಹೊರಟರೆ ಸಾಕು.

ಮೆಟ್ರೊದ ಹಸಿರು ಮತ್ತು ಕೆಂಪು ಮಾರ್ಗಗಳೆರಡೂ ಗಾಮ್ಲಾ ಸ್ಟಾನ್ ನಿಲ್ದಾಣದಲ್ಲಿ ನಿಲ್ಲುತ್ತವೆ. ಒಂದು ಟಿಕೆಟ್ 75 ನಿಮಿಷಗಳವರೆಗೆ ನಡೆಯುತ್ತದೆ. ಪ್ರವಾಸಗಳು ಹೇಳಿದ ಹೊತ್ತಿಗೆ ಸರಿಯಾಗಿ ಹೊರಡುತ್ತವೆ, ತಡವಾಗಿ ಬಂದವರಿಗಾಗಿ ಕಾಯುವ ಪದ್ಧತಿ ಇಲ್ಲ. ಹತ್ತು ನಿಮಿಷ ಮೊದಲೇ ತಲುಪಿರಿ. ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಸ್ಟಾಕ್‌ಹೋಮ್‌ನಲ್ಲಿ ಸೈಕಲ್‌ಗಳಿಗೆ ಪ್ರತ್ಯೇಕ ಪಥಗಳಿದ್ದು, ಸವಾರರು ಬಹಳ ವೇಗವಾಗಿ ಬರುತ್ತಾರೆ. ಅದು ಕಾಲುದಾರಿಯ ಭಾಗವೆಂದೇ ತಿಳಿದು ಚಿತ್ರ ತೆಗೆಯುತ್ತ ನಿಂತುಬಿಡುವುದು ಹೊಸಬರಿಗೆ ಬಲು ಸುಲಭ, ವಿಶೇಷವಾಗಿ ನೀರಿನ ಅಂಚಿನ ಬೀದಿಗಳಲ್ಲಿ.

ನೆಲದ ಕಥೆಯನ್ನು ಮೊದಲು ತಿಳಿಯಿರಿ

ಗೈಡ್ ಹೇಳುವ ರಾಜರ ಹೆಸರುಗಳು ಮರೆತುಹೋದರೂ ತೊಂದರೆಯಿಲ್ಲ, ಈ ನೆಲದ ಸ್ವಭಾವವನ್ನು ಮಾತ್ರ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಹಿಮಯುಗದಲ್ಲಿ ಸ್ಕ್ಯಾಂಡಿನೇವಿಯಾದ ಮೇಲೆ ಕೂತಿದ್ದ ಅಗಾಧ ಹಿಮದ ಭಾರಕ್ಕೆ ಭೂಮಿಯ ಹೊರಪದರ ಕುಗ್ಗಿತ್ತು. ಹಿಮ ಕರಗಿ ಸಾವಿರಾರು ವರ್ಷಗಳು ಕಳೆದರೂ ಅದು ಇನ್ನೂ ಮೇಲೇಳುತ್ತಲೇ ಇದೆ. ಸ್ಟಾಕ್‌ಹೋಮ್‌ನ ಆಸುಪಾಸಿನಲ್ಲಿ ಈ ಏರಿಕೆ ವರ್ಷಕ್ಕೆ ಸುಮಾರು ಅರ್ಧ ಸೆಂಟಿಮೀಟರ್. ಏಳು ಶತಮಾನಗಳ ಲೆಕ್ಕ ಹಾಕಿದರೆ ಅದು ಮೂರೂವರೆ ಮೀಟರ್‌ಗಳಷ್ಟಾಗುತ್ತದೆ. ಇಂದು ಸರೋವರವಾಗಿರುವ ಮೆಲಾರೆನ್ ಒಂದು ಕಾಲಕ್ಕೆ ಸಮುದ್ರದ ಕೊಲ್ಲಿಯಾಗಿತ್ತು. ನೆಲ ಏರಿದಂತೆ ಅದರ ಬಾಯಿ ಕಿರಿದಾಯಿತು, ನೀರು ಸಿಹಿಯಾಯಿತು, ಒಳನಾಡಿಗೆ ಹೋಗುವ ದೋಣಿಗಳೆಲ್ಲ ಈ ದ್ವೀಪದ ಪಕ್ಕದ ಕಿರಿದಾದ ಹರಿವನ್ನೇ ಹಾದುಹೋಗಬೇಕಾಯಿತು. ಆ ಜಾಗದಲ್ಲಿ ಕೋಟೆ ಕಟ್ಟಿದವನ ಕೈಗೆ ಇಡೀ ನಾಡಿನ ವ್ಯಾಪಾರ ಸಿಕ್ಕಿತು. ಸ್ಟಾಕ್‌ಹೋಮ್ ಹುಟ್ಟಿದ್ದು ಹೀಗೆ.

ಈ ತಿಳಿವಳಿಕೆ ನಡಿಗೆಯಲ್ಲಿ ಪ್ರತ್ಯಕ್ಷವಾಗಿ ಉಪಯೋಗಕ್ಕೆ ಬರುತ್ತದೆ. ದ್ವೀಪದ ಎರಡು ಬದಿಗಳಲ್ಲಿ ಉದ್ದಕ್ಕೆ ಸಾಗುವ ವೆಸ್ಟರ್‌ಲಾಂಗ್‌ಗಾತನ್ ಮತ್ತು ಓಸ್ಟರ್‌ಲಾಂಗ್‌ಗಾತನ್ ಬೀದಿಗಳು ಮೊದಲ ಕೋಟೆಗೋಡೆಯ ಹೊರಗೆ, ಅಂದಿನ ನೀರಿನಂಚಿಗೆ ಹತ್ತಿರದಲ್ಲಿ ಮೂಡಿದ ದಾರಿಗಳು. ಅವುಗಳಾಚೆಗೆ ಇಂದು ಇರುವ ಮನೆಗಳು, ಓಣಿಗಳೆಲ್ಲ ನೆಲ ಮೇಲೆದ್ದದ್ದರಿಂದಲೂ ಜನರು ಮಣ್ಣು ಕಸ ತುಂಬಿ ದಡವನ್ನು ಮುಂದಕ್ಕೆ ತಳ್ಳಿದ್ದರಿಂದಲೂ ದೊರೆತ ಜಾಗದ ಮೇಲೆ ನಿಂತಿವೆ. ಆ ಬೀದಿಯಿಂದ ನೀರಿನತ್ತ ಇಳಿಯುವ ಓಣಿಯೊಂದರಲ್ಲಿ ನಡೆಯುವಾಗ ಹಳೆಯ ದಡ ಎಲ್ಲಿತ್ತೆಂದು ಗೈಡ್‌ನನ್ನು ಕೇಳಿ ನೋಡಿ. ಒಳ್ಳೆಯ ಗೈಡ್ ಆ ಪ್ರಶ್ನೆಗೆ ಸಂತೋಷದಿಂದ ನಿಂತುಬಿಡುತ್ತಾರೆ. ಮುಂದೆ ಒಬ್ಬರೇ ಅಲೆಯುವಾಗ ದಾರಿ ತಪ್ಪಿದರೂ ಇದೇ ತಿಳಿವಳಿಕೆ ದಾರಿ ತೋರುತ್ತದೆ: ಯಾವುದೇ ಓಣಿಯಲ್ಲಿ ಇಳಿಜಾರಿನ ಕಡೆಗೆ ನಡೆದರೆ ನೀರು ಸಿಗುತ್ತದೆ, ಪೂರ್ವಕ್ಕಾದರೆ ಹಡಗುಗಳು ನಿಲ್ಲುವ ಶೆಪ್ಸ್‌ಬ್ರೂನ್ ದಡ.

ದಾರಿಯಲ್ಲಿ ಏನನ್ನು ಗಮನಿಸಬೇಕು

ಹೆಚ್ಚಿನ ಪ್ರವಾಸಗಳ ನಡುಬಿಂದು ಸ್ಟೂರ್‌ಟೋರ್ಯೆಟ್ ಎಂಬ ಚೌಕ. 1520ರ ನವೆಂಬರ್‌ನಲ್ಲಿ ಡೆನ್ಮಾರ್ಕಿನ ದೊರೆ ಎರಡನೆಯ ಕ್ರಿಶ್ಚಿಯನ್, ಸ್ವೀಡನ್ನಿನ ಕಿರೀಟ ಧರಿಸಿದ ಕೆಲವೇ ದಿನಗಳಲ್ಲಿ, ತನ್ನ ವಿರೋಧಿಗಳಾಗಿದ್ದ ಸರದಾರರು, ಬಿಷಪ್‌ಗಳು, ನಗರದ ಪ್ರಮುಖರನ್ನು ಧರ್ಮದ್ರೋಹದ ಆರೋಪದ ಮೇಲೆ ಇಲ್ಲಿ ಕೊಲ್ಲಿಸಿದನು. ಸತ್ತವರು ಸುಮಾರು 80ರಿಂದ 100 ಮಂದಿ. ಅವರಲ್ಲೊಬ್ಬನ ಮಗನಾದ ಗುಸ್ತಾವ್ ವಾಸಾ ದಂಗೆಯೆದ್ದು 1523ರ ಜೂನ್ 6ರಂದು ದೊರೆಯಾಗಿ ಆಯ್ಕೆಯಾದನು. ಸ್ವೀಡನ್ ಡೆನ್ಮಾರ್ಕಿನ ಹಿಡಿತದಿಂದ ಬಿಡಿಸಿಕೊಂಡಿತು. ಆ ದಿನವೇ ಇಂದಿನ ಸ್ವೀಡನ್ನಿನ ರಾಷ್ಟ್ರೀಯ ದಿನ. ಚೌಕದ ಕೆಂಪು ಮನೆಯ ಮುಖದಲ್ಲಿರುವ ಬಿಳಿ ಕಲ್ಲುಗಳನ್ನು ತೋರಿಸಿ, ಒಂದೊಂದು ಕಲ್ಲೂ ಆ ದಿನ ಉರುಳಿದ ಒಂದೊಂದು ತಲೆಯ ಗುರುತೆಂದು ಹೇಳುವವರುಂಟು. ಆ ಮನೆಯ ಈಗಿನ ಮುಖ ಹದಿನೇಳನೆಯ ಶತಮಾನದ್ದು, ಹತ್ಯಾಕಾಂಡಕ್ಕಿಂತ ನೂರು ವರ್ಷಗಳಿಗೂ ಹೆಚ್ಚು ಈಚಿನದು. ದಂತಕಥೆಯನ್ನು ಹೇಳುವುದರಲ್ಲಿ ತಪ್ಪಿಲ್ಲ, ಆದರೆ ದಂತಕಥೆಯನ್ನೂ ದಾಖಲೆಯನ್ನೂ ಬೇರೆಬೇರೆಯಾಗಿ ಹೇಳುವ ಗೈಡ್ ಸಿಕ್ಕರೆ ನಿಮ್ಮ ಹಣ ಸಾರ್ಥಕವಾಯಿತೆಂದೇ ತಿಳಿಯಿರಿ. ಸಂದೇಹ ಬಂದಾಗ ‘ಇದಕ್ಕೆ ದಾಖಲೆ ಇದೆಯೇ’ ಎಂದು ವಿನಯದಿಂದ ಕೇಳುವುದು ಅಲ್ಲಿ ಯಾರಿಗೂ ಅಪರಾಧವೆನಿಸುವುದಿಲ್ಲ.

ಅದೇ ಚೌಕದ ಉತ್ತರಕ್ಕೆ ಹದಿನೆಂಟನೆಯ ಶತಮಾನದ ಹಳೆಯ ಷೇರು ವಿನಿಮಯ ಭವನವಿದೆ. ಅದರ ಮೇಲಂತಸ್ತಿನಲ್ಲಿ, ಮೂರನೆಯ ಗುಸ್ತಾವ್ ದೊರೆ 1786ರಲ್ಲಿ ಸ್ಥಾಪಿಸಿದ ಸ್ವೀಡಿಷ್ ಅಕಾಡೆಮಿ ಸಭೆ ಸೇರುತ್ತದೆ. ಸಾಹಿತ್ಯದ ನೊಬೆಲ್ ಬಹುಮಾನವನ್ನು ಪ್ರಕಟಿಸುವುದು ಇಲ್ಲಿಯೇ. ಕೆಳಗೆ ನೊಬೆಲ್ ಬಹುಮಾನದ ಮ್ಯೂಸಿಯಂ ಇದ್ದು, ಅದರ ಉಪಾಹಾರ ಗೃಹದ ಕುರ್ಚಿಗಳ ಅಡಿಭಾಗದಲ್ಲಿ ಬಹುಮಾನ ವಿಜೇತರು ಸಹಿ ಹಾಕಿರುತ್ತಾರೆ. ನಡಿಗೆಯ ನಡುವೆ ಇದರ ಒಳಗೆ ಹೋಗಲು ಬಿಡುವಿರುವುದಿಲ್ಲ, ಆದ್ದರಿಂದ ಪ್ರತ್ಯೇಕವಾಗಿ ಒಂದು ಗಂಟೆಯನ್ನಾದರೂ ಇಟ್ಟುಕೊಳ್ಳಬೇಕು. ಬೆಂಗಳೂರಿನವರಿಗೆ ಇಲ್ಲಿ ಸಿ. ವಿ. ರಾಮನ್ ಅವರ ನೆನಪು ಸಹಜವಾಗಿ ಬರುತ್ತದೆ. 1930ರ ಡಿಸೆಂಬರ್‌ನಲ್ಲಿ ಅವರು ಬಹುಮಾನ ಸ್ವೀಕರಿಸಿದ್ದು ಈ ದ್ವೀಪದಲ್ಲಲ್ಲ, ಉತ್ತರಕ್ಕೆ ಹ್ಯೋಟೋರ್ಯೆಟ್ ಚೌಕದಲ್ಲಿರುವ ನೀಲಿ ಬಣ್ಣದ ಸಂಗೀತ ಸಭಾಂಗಣದಲ್ಲಿ. ಆಸಕ್ತರು ಮೆಟ್ರೊದಲ್ಲಿ ಎರಡು ನಿಲ್ದಾಣ ಹೋಗಿ ಅದನ್ನು ಹೊರಗಿನಿಂದಲಾದರೂ ನೋಡಿಬರಬಹುದು.

ಚೌಕದ ಬಳಿಯ ಸ್ಟೂರ್‌ಚಿರ್ಕಾನ್ ಚರ್ಚ್‌ಗೆ ಪ್ರವೇಶ ಶುಲ್ಕವಿರುವುದರಿಂದ ಗುಂಪುಗಳು ಹೊರಗೆ ನಿಂತು ಮಾತು ಮುಗಿಸಿ ಮುಂದೆ ಸಾಗುತ್ತವೆ. ನೀವು ಮಾತ್ರ ನಂತರ ಮರಳಿ ಬಂದು ಒಳಗೆ ಹೋಗಲೇಬೇಕು. ಬ್ರುಂಕೆಬೆರ್ಯ್ ಯುದ್ಧದಲ್ಲಿ 1471ರಲ್ಲಿ ಡೆನ್ಮಾರ್ಕಿನವರ ಮೇಲೆ ದೊರೆತ ಗೆಲುವಿನ ಸ್ಮರಣೆಗಾಗಿ ಮಾಡಿಸಿದ, ಸಂತ ಜಾರ್ಜ್ ಡ್ರ್ಯಾಗನ್ನನ್ನು ಕೊಲ್ಲುತ್ತಿರುವ ಮರದ ಮಹಾಶಿಲ್ಪ ಅಲ್ಲಿದೆ. 1489ರ ಈ ಕೃತಿಯನ್ನು ಬರ್ಂಟ್ ನೋಟ್ಕೆ ಎಂಬ ಕಲಾವಿದನದೆಂದು ಹೇಳುತ್ತಾರೆ. ಡ್ರ್ಯಾಗನ್ನಿನ ಮೈಮೇಲಿನ ಮುಳ್ಳುಗಳಿಗೆ ಎಲ್ಕ್ ಎಂಬ ದೊಡ್ಡ ಜಿಂಕೆಯ ನಿಜವಾದ ಕೊಂಬುಗಳನ್ನೇ ಬಳಸಿದ್ದಾರೆ. ಅದೇ ಚರ್ಚ್‌ನಲ್ಲಿ, 1535ರಲ್ಲಿ ಆಕಾಶದಲ್ಲಿ ಕಂಡ ಸೂರ್ಯನ ಪ್ರಭಾವಲಯಗಳನ್ನು ತೋರಿಸುವ ಚಿತ್ರವೊಂದಿದೆ. ಈಗ ಉಳಿದಿರುವುದು 1636ರ ಪ್ರತಿ. ಇಂದು ನೀವು ನಡೆದ ಬೀದಿಗಳ ಅಂದಿನ ರೂಪ ಆ ಚಿತ್ರದ ಕೆಳಭಾಗದಲ್ಲಿ ಕಾಣುತ್ತದೆ. ನಡಿಗೆಯ ನಂತರ ಅದನ್ನು ನೋಡಿದರೆ ಕೆಲವು ಜಾಗಗಳನ್ನು ಗುರುತಿಸಬಹುದು.

ಪ್ರೆಸ್ಟ್‌ಗಾತನ್ ಬೀದಿಯಲ್ಲಿ ನಡೆಯುವಾಗ ಅದು ಕೋಕ್‌ಬ್ರಿಂಕೆನ್ ಎಂಬ ಇಳಿಜಾರಿನ ಬೀದಿಯನ್ನು ಕೂಡುವ ಮೂಲೆಯಲ್ಲಿ ನಿಲ್ಲಿ. ಅಲ್ಲಿ ಮನೆಯ ಗೋಡೆಯೊಳಗೆ ವೈಕಿಂಗ್ ಯುಗದ ರೂನ್ ಲಿಪಿಯ ಕಲ್ಲೊಂದನ್ನು ಸಾಮಾನ್ಯ ಕಟ್ಟಡದ ಕಲ್ಲಿನಂತೆ ಸೇರಿಸಿಬಿಟ್ಟಿದ್ದಾರೆ. ತಂದೆತಾಯಿ ಮಗನ ನೆನಪಿಗಾಗಿ ನಿಲ್ಲಿಸಿದ ಕಲ್ಲದು. ನಮ್ಮ ಹಳ್ಳಿಗಳಲ್ಲಿ ವೀರಗಲ್ಲು, ಶಾಸನಗಳು ಕಟ್ಟೆಗೂ ಮೋರಿಗೂ ಸೇರಿಹೋಗಿರುವುದನ್ನು ಕಂಡವರಿಗೆ ಆ ಮೂಲೆ ಬೇಗನೆ ಅರ್ಥವಾಗುತ್ತದೆ. ಕಲ್ಲಿನ ಮುಂದೆ ನಿಲ್ಲಿಸಿರುವ ಹಳೆಯ ಫಿರಂಗಿಯ ಕೊಳವೆ, ತಿರುಗುವ ಗಾಡಿಗಳ ಚಕ್ರದಿಂದ ಗೋಡೆಯನ್ನು ಕಾಪಾಡಲು ಇಟ್ಟದ್ದು. ಪ್ರೆಸ್ಟ್‌ಗಾತನ್ ಬೀದಿಯ ದಕ್ಷಿಣ ತುದಿಯಿಂದ ಕೆಳಗಿಳಿಯುವ ಮೋರ್ಟೆನ್ ಟ್ರೋಟ್ಸಿಗ್‌ನ ಓಣಿ ಅಲ್ಲಿನ ಅತ್ಯಂತ ಕಿರಿದಾದ ಓಣಿ. ಅದಕ್ಕೆ 36 ಮೆಟ್ಟಿಲುಗಳಿದ್ದು, ಅತಿ ಕಿರಿದಾದ ಕಡೆ ಅಗಲ 90 ಸೆಂಟಿಮೀಟರ್ ಮಾತ್ರ.

ಗೈಡ್ ಮಾತನಾಡುತ್ತಿರುವಾಗ ಅವರ ಮುಖದ ಜೊತೆಗೆ ಗೋಡೆಗಳ ಮೇಲ್ಭಾಗವನ್ನೂ ನೋಡುತ್ತಿರಿ. ಮನೆಗಳ ಮುಖದಲ್ಲಿ ಅಲ್ಲಲ್ಲಿ ಕಾಣುವ ಕಬ್ಬಿಣದ ತುಂಡುಗಳು ಒಳಗಿನ ತೊಲೆಗಳನ್ನು ಗೋಡೆಗೆ ಬಿಗಿದು ಹಿಡಿದಿರುವ ಸರಳುಗಳ ತುದಿಗಳು. ಕೆಲವು ಬಾಗಿಲುಗಳ ಮೇಲೆ ಬೆಂಕಿಯಿಂದೇಳುವ ಫೀನಿಕ್ಸ್ ಪಕ್ಷಿಯ ಫಲಕವಿರುತ್ತದೆ. 1746ರಲ್ಲಿ ಆರಂಭವಾದ ಬ್ರಾಂಡ್‌ಕೊಂತೋರೆಟ್ ಎಂಬ ಸಂಸ್ಥೆಯಲ್ಲಿ ಆ ಮನೆಗೆ ಬೆಂಕಿ ವಿಮೆ ಮಾಡಿಸಲಾಗಿತ್ತೆಂಬುದಕ್ಕೆ ಅದು ಗುರುತು. ಬೆಂಕಿಯ ಭಯ ಎಷ್ಟಿತ್ತೆಂಬುದನ್ನು ಬೀದಿಗಳೇ ಹೇಳುತ್ತವೆ. ಪಶ್ಚಿಮ ಬದಿಯ ಸ್ಟೂರಾ ನ್ಯೂಗಾತನ್, ಲಿಲ್ಲಾ ನ್ಯೂಗಾತನ್ ಎಂಬ ಎರಡು ಬೀದಿಗಳು ಮಾತ್ರ ಗೆರೆ ಎಳೆದಂತೆ ನೇರವಾಗಿರುವುದಕ್ಕೆ ಕಾರಣ, 1625ರ ಬೆಂಕಿಯಲ್ಲಿ ಆ ಭಾಗ ಸುಟ್ಟುಹೋದ ನಂತರ ಅದನ್ನು ಹೊಸದಾಗಿ ಯೋಜಿಸಿ ಕಟ್ಟಿದ್ದು. ಅರಮನೆಯ ವಿಷಯದಲ್ಲೂ ಹೀಗೆಯೇ: ಹಳೆಯ ತ್ರೆ ಕ್ರೂನೂರ್ ಕೋಟೆ 1697ರಲ್ಲಿ ಸುಟ್ಟುಹೋಗಿ, ಆರುನೂರಕ್ಕೂ ಹೆಚ್ಚು ಕೋಣೆಗಳ ಈಗಿನ ಅರಮನೆ ಅದರ ಜಾಗದಲ್ಲಿ ಎದ್ದಿತು. ಕಾವಲು ಪಡೆ ಬದಲಾಗುವ ವಿಧಿ ಬೇಸಿಗೆಯಲ್ಲಿ ವಾರದ ದಿನಗಳಂದು ಮಧ್ಯಾಹ್ನ 12:15ಕ್ಕೂ ಭಾನುವಾರ 13:15ಕ್ಕೂ ನಡೆಯುತ್ತದೆ. ಆ ಹೊತ್ತಿಗೆ ಅಲ್ಲಿ ಜನ ಕಿಕ್ಕಿರಿಯುವುದರಿಂದ, ನಡಿಗೆಯನ್ನು ಅದಕ್ಕೆ ಮೊದಲೇ ಮುಗಿಸಿಕೊಂಡು ವಿಧಿಯನ್ನು ಬಿಡುವಾಗಿ ನೋಡುವುದು ಸರಿ.

ಅರಮನೆಯ ಎದುರಿನ ಫಿನ್ನಿಷ್ ಚರ್ಚ್‌ನ ಹಿಂದಿನ ಅಂಗಳದಲ್ಲಿ ಮೊಣಕಾಲು ತಬ್ಬಿ ಕುಳಿತು ಚಂದ್ರನನ್ನು ನೋಡುವ ಕಬ್ಬಿಣದ ಪುಟ್ಟ ಹುಡುಗನಿದ್ದಾನೆ. ಲಿಸ್ ಎರಿಕ್ಸನ್ ಎಂಬ ಶಿಲ್ಪಿ ಮಾಡಿದ ಈ ಮೂರ್ತಿಯ ಎತ್ತರ ಸುಮಾರು 15 ಸೆಂಟಿಮೀಟರ್. ಚಳಿಗಾಲದಲ್ಲಿ ಯಾರೋ ಅವನಿಗೆ ಉಣ್ಣೆಯ ಟೋಪಿ ಹೆಣೆದು ಹಾಕುತ್ತಾರೆ. ಮಕ್ಕಳನ್ನು ಕರೆದೊಯ್ಯುವವರು ಈ ಅಂಗಳ ಪ್ರವಾಸದಲ್ಲಿ ಸೇರಿದೆಯೇ ಎಂದು ಕೇಳಿಕೊಳ್ಳಲಿ.

ಗೈಡ್ ಹೊರಟುಹೋದ ಮೇಲೆ

ಪ್ರವಾಸ ಮುಗಿದ ಕೂಡಲೇ ಹೋಟೆಲಿಗೆ ಮರಳಬೇಡಿ. ಅಲ್ಲಿನವರು ಫೀಕಾ ಎಂದು ಕರೆಯುವ, ಕಾಫಿಯ ಜೊತೆಗೆ ದಾಲ್ಚಿನ್ನಿಯ ಬನ್ ತಿನ್ನುತ್ತ ಕೂರುವ ಬಿಡುವಿಗೆ ಇದು ಸರಿಯಾದ ಹೊತ್ತು. ಕಬ್ಬಿಣದ ವ್ಯಾಪಾರ ನಡೆಯುತ್ತಿದ್ದ ಯಾರ್ನ್‌ಟೋರ್ಯೆಟ್ ಚೌಕದಲ್ಲಿ ಕುಳಿತರೆ, 1668ರಲ್ಲಿ ಸ್ಥಾಪನೆಯಾಗಿ ಇಂದಿಗೂ ನಡೆಯುತ್ತಿರುವ, ಜಗತ್ತಿನ ಅತ್ಯಂತ ಹಳೆಯ ಕೇಂದ್ರ ಬ್ಯಾಂಕ್‌ನ ಹಿಂದಿನ ಕಟ್ಟಡ ಎದುರಿಗೇ ಇರುತ್ತದೆ. ಗೈಡ್ ಹೇಳಿದ್ದನ್ನು ನಾಲ್ಕು ಸಾಲು ಬರೆದುಕೊಳ್ಳಿ, ನಕ್ಷೆಯಲ್ಲಿ ನಡೆದ ದಾರಿಯನ್ನು ಗುರುತು ಹಾಕಿ. ಸಸ್ಯಾಹಾರಿಗಳು ‘ವೆಗೆತಾರಿಸ್ಕ್’ ಎಂಬ ಪದವನ್ನು ಪಟ್ಟಿಯಲ್ಲಿ ಹುಡುಕಬೇಕು. ಮೊಟ್ಟೆಯನ್ನೂ ತಿನ್ನದವರು ಅದನ್ನು ಬೇರೆಯಾಗಿ ಕೇಳಲೇಬೇಕು. ವಾರದ ದಿನಗಳಲ್ಲಿ ಮಧ್ಯಾಹ್ನ ಎರಡರವರೆಗೆ ದೊರೆಯುವ ನಿಗದಿತ ಬೆಲೆಯ ಊಟ ರಾತ್ರಿಯ ಊಟಕ್ಕಿಂತ ಬಹಳ ಅಗ್ಗ.

ಎರಡನೆಯ ನಡಿಗೆ ಒಬ್ಬರೇ ಅಥವಾ ಮನೆಯವರೊಡನೆ, ಮರುದಿನ ಬೆಳಗ್ಗೆ ಎಂಟರೊಳಗೆ ಆಗಲಿ. ಅಂಗಡಿಗಳು ತೆರೆದಿರುವುದಿಲ್ಲ, ಗುಂಪುಗಳು ಬಂದಿರುವುದಿಲ್ಲ. ಹಿಂದಿನ ದಿನ ಜನರ ಭುಜಗಳಾಚೆ ಇಣುಕಿ ನೋಡಿದ ಕಲ್ಲು, ಫಲಕ, ಬಾಗಿಲುಗಳನ್ನು ಬಿಡುವಾಗಿ ನೋಡಬಹುದು. ಈ ಸಲ ರಿದ್ದಾರ್‌ಹೋಲ್ಮೆನ್ ದ್ವೀಪಕ್ಕೆ ಹೆಚ್ಚಿನ ಹೊತ್ತು ಕೊಡಿ. ಸ್ವೀಡನ್ನಿನ ದೊರೆಗಳ ಸಮಾಧಿಗಳಿರುವ ಚರ್ಚ್ ಅಲ್ಲಿದೆ, ಅದರ ಹಿಂದೆ ನೀರಿನಂಚಿನಲ್ಲಿ ನಿಂತರೆ ಎದುರು ದಡದ ನಗರಸಭಾ ಭವನ ಪೂರ್ತಿಯಾಗಿ ಕಾಣುತ್ತದೆ.

ಆ ಭವನದ ಒಳಗೆ ಗೈಡ್ ಜೊತೆಗಲ್ಲದೆ ಪ್ರವೇಶವಿಲ್ಲವಾದ್ದರಿಂದ ಅದನ್ನು ಬೇರೆಯೇ ದಿನದ ಪ್ರವಾಸವಾಗಿ ಇಟ್ಟುಕೊಳ್ಳಬೇಕು. ರಾಗ್ನಾರ್ ಓಸ್ಟ್‌ಬೆರ್ಯ್ ಎಂಬ ವಾಸ್ತುಶಿಲ್ಪಿಯ ಈ ಕಟ್ಟಡ 1923ರಲ್ಲಿ ಉದ್ಘಾಟನೆಯಾಯಿತು. ಡಿಸೆಂಬರ್ 10ರ ನೊಬೆಲ್ ಔತಣ ನಡೆಯುವ ನೀಲಿ ಸಭಾಂಗಣವೂ ಚಿನ್ನದ ಮೊಸಾಯಿಕ್ ಹೊದಿಸಿದ ಸಭಾಂಗಣವೂ ಇದರಲ್ಲಿವೆ. ಅಧಿಕೃತ ಸಮಾರಂಭಗಳಿದ್ದಾಗ ಪ್ರವಾಸಗಳು ರದ್ದಾಗುವುದರಿಂದ ಹಿಂದಿನ ದಿನ ವೇಳಾಪಟ್ಟಿಯನ್ನು ನೋಡಿಕೊಳ್ಳಿ. ಗಾಮ್ಲಾ ಸ್ಟಾನ್‌ನ ಉತ್ತರಕ್ಕಿರುವ ಸಂಸತ್ ಭವನವನ್ನೂ ಗೈಡ್ ಜೊತೆ ನೋಡಬಹುದು, ಅದಕ್ಕೆ ಶುಲ್ಕವಿಲ್ಲ, ಇಂಗ್ಲಿಷ್‌ನಲ್ಲಿಯೂ ವಿವರಣೆ ಇರುತ್ತದೆ. ಸ್ಥಳ ಸೀಮಿತವಾಗಿದ್ದು ಭದ್ರತಾ ತಪಾಸಣೆಯೂ ಇರುವುದರಿಂದ, ದೊಡ್ಡ ಚೀಲಗಳನ್ನು ಬಿಟ್ಟು, ಗುರುತಿನ ಚೀಟಿ ಇಟ್ಟುಕೊಂಡು ಮುಂಚಿತವಾಗಿ ಹೋಗಿ ಸರದಿಯಲ್ಲಿ ನಿಲ್ಲುವುದು ಮೇಲು.